ಹುಟ್ಟಿದ ಕೂಡಲೇ ಅಳದ ಮಗು: ಆಮ್ಲಜನಕದ ಕೊರತೆ ಮತ್ತು ಎಳೆ ಮಿದುಳಿನ ಸಿನಾಪ್ಸ್ ಪ್ರೋಟೀನ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಆಸ್ಪತ್ರೆಯೊಂದರ ನವಜಾತ ಶಿಶು ವಿಭಾಗದಲ್ಲಿ ನನ್ನ ಕೆಲಸ. ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಹೋದ ಮಕ್ಕಳು ಮತ್ತೆ ತಪಾಸಣೆಗೆ ಬಂದಾಗ ಅವರ ಬೆಳವಣಿಗೆಯನ್ನು ನೋಡುತ್ತೇನೆ. ಡೊಂಬಿವಲಿ, ಮುಲುಂಡ್, ವಾಶಿಯ ಕನ್ನಡ ಮನೆಯವರು, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಉಡುಪಿ ಕಡೆಯ ಹೋಟೆಲಿನವರು ಹೀಗೆ ಎಲ್ಲರೂ ಬರುತ್ತಾರೆ. ಕನ್ನಡ ಬಲ್ಲವರು ಸಿಕ್ಕರೆಂದು ತಿಳಿದ ಮೇಲೆ ವೈದ್ಯರ ಮುಂದೆ ಕೇಳಲಾಗದೆ ಉಳಿದ ಪ್ರಶ್ನೆಗಳೆಲ್ಲ ಹೊರಗೆ ಬರುತ್ತವೆ. ಪುಣೆ ಮತ್ತು ಗೋವಾದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ನಿಮ್ಮ ಮಗುವನ್ನು ಕೈಯಾರೆ ಪರೀಕ್ಷಿಸಿದ ವೈದ್ಯರ ಮಾತಿಗೆ ಇದು ಬದಲಿಯಲ್ಲ.

ನಮ್ಮ ಮಗು ಹುಟ್ಟಿದ ತಕ್ಷಣ ಅಳಲಿಲ್ಲ, ಮೈ ನೀಲಿಯಾಗಿತ್ತು. ಮಿದುಳಿಗೆ ಪೆಟ್ಟಾಗಿದೆ ಎಂದೇ ಅರ್ಥವೇ?

ಅಲ್ಲ. ಗರ್ಭದಲ್ಲಿರುವ ಮಗು ನಮಗಿಂತ ಬಹಳ ಕಡಿಮೆ ಆಮ್ಲಜನಕದಲ್ಲಿಯೇ ಬೆಳೆಯುತ್ತದೆ. ಅದರ ರಕ್ತದಲ್ಲಿರುವ ಭ್ರೂಣದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಅಷ್ಟರಲ್ಲೇ ನಿಭಾಯಿಸುತ್ತದೆ. ಹುಟ್ಟಿದ ಮೊದಲ ನಿಮಿಷದಲ್ಲಿ ಪೂರ್ಣ ಆರೋಗ್ಯವಂತ ಮಗುವಿನ ರಕ್ತದಲ್ಲೂ ಆಮ್ಲಜನಕದ ಪ್ರಮಾಣ ಶೇ. 60ರಿಂದ 65ರಷ್ಟೇ ಇರುತ್ತದೆ. ಐದನೆಯ ನಿಮಿಷಕ್ಕೆ ಶೇ. 80ರಿಂದ 85, ಹತ್ತನೆಯ ನಿಮಿಷಕ್ಕೆ ಶೇ. 85ರಿಂದ 95. ಆದ್ದರಿಂದ ಹುಟ್ಟಿದ ಕೂಡಲೇ ಮಗು ನೀಲಿಯಾಗಿ ಕಾಣುವುದು ತಾನಾಗಿಯೇ ರೋಗಲಕ್ಷಣವಲ್ಲ.

ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಉಸಿರಾಟ ಶುರುಮಾಡಲು ಒಂದಿಷ್ಟು ನೆರವು ಬೇಕಾಗುತ್ತದೆ. ಮೈ ಒರೆಸಿ, ಬೆನ್ನು ತಿಕ್ಕಿ, ಅಗತ್ಯವಿದ್ದರೆ ಚೀಲ ಮತ್ತು ಮಾಸ್ಕ್‌ನಿಂದ ಗಾಳಿ ಕೊಟ್ಟರೆ ಇವರಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮೊದಲ ಅರವತ್ತು ಸೆಕೆಂಡನ್ನು 'ಸುವರ್ಣ ನಿಮಿಷ' ಎನ್ನುವುದು ಇದಕ್ಕಾಗಿಯೇ. ಈ ಕೌಶಲವನ್ನು ಹೆರಿಗೆ ಮಾಡಿಸುವ ಪ್ರತಿಯೊಬ್ಬರಿಗೂ ಕಲಿಸಲು ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. ಲಕ್ಷಾಂತರ ರೂಪಾಯಿಯ ಯಂತ್ರಗಳಿಗಿಂತ ಹೆರಿಗೆ ಕೋಣೆಯಲ್ಲಿ ನಿಂತ ಒಬ್ಬ ನರ್ಸಿನ ಪಳಗಿದ ಕೈ ಹೆಚ್ಚು ಮಿದುಳುಗಳನ್ನು ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಆಪ್ಗರ್ ಅಂಕ ಕಡಿಮೆ ಬಂದಿದೆ. ಮಗು ದಡ್ಡನಾಗುತ್ತದೆಯೇ?

ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗರ್ 1952ರಲ್ಲಿ ಹತ್ತು ಅಂಕಗಳ ಈ ಅಳತೆಯನ್ನು ರೂಪಿಸಿದ್ದು, ಹುಟ್ಟಿದ ಮಗುವಿಗೆ ಆ ಕ್ಷಣದಲ್ಲಿ ನೆರವು ಬೇಕೇ ಎಂದು ತಿಳಿಯಲು. ಬುದ್ಧಿಮತ್ತೆಯನ್ನು ಮುಂಗಂಡು ಹೇಳಲು ಅಲ್ಲ. ಒಂದನೆಯ ನಿಮಿಷದಲ್ಲಿ 4 ಇದ್ದದ್ದು ಐದನೆಯ ನಿಮಿಷಕ್ಕೆ 8 ಆಗಿದ್ದರೆ ಸಮಾಧಾನಪಟ್ಟುಕೊಳ್ಳಿ. ಹತ್ತು ನಿಮಿಷವಾದರೂ 5 ದಾಟದಿದ್ದರೆ, ಹೊಕ್ಕುಳಬಳ್ಳಿಯ ರಕ್ತದ ಪಿಎಚ್ (ರಕ್ತ ಎಷ್ಟು ಆಮ್ಲೀಯವಾಗಿದೆ ಎಂಬ ಅಳತೆ) 7ಕ್ಕಿಂತ ಕೆಳಗಿದ್ದರೆ, ಜೊತೆಗೆ ಮಗು ಮಂಕಾಗಿದ್ದರೆ ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆಮ್ಲಜನಕ ಮತ್ತು ರಕ್ತದ ಹರಿವು ಎರಡೂ ಕುಗ್ಗಿದ್ದರಿಂದ ಮಿದುಳಿನ ಕೆಲಸ ಏರುಪೇರಾಗುವ ಈ ಸ್ಥಿತಿಯನ್ನು ಕಡತಗಳಲ್ಲಿ 'ಎಚ್‌ಐಇ' ಎಂದು ಬರೆದಿರುತ್ತಾರೆ. ಅದರಲ್ಲಿ ಸೌಮ್ಯ, ಮಧ್ಯಮ, ತೀವ್ರ ಎಂಬ ಮೂರು ಹಂತಗಳಿವೆ. ಈ ವಿಂಗಡಣೆ 1976ರಲ್ಲಿ ಸಾರ್ನಾಟ್ ದಂಪತಿ ಮಾಡಿದ್ದು.

ಸಿನಾಪ್ಸ್ ಪ್ರೋಟೀನ್ ಎಂದರೇನು? ನಮಗೇಕೆ ಅದು ಗೊತ್ತಿರಬೇಕು?

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗವೇ ಸಿನಾಪ್ಸ್. ಎರಡರ ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಈಚೆಯ ಕೋಶ ಗ್ಲುಟಮೇಟ್‌ನಂಥ ರಾಸಾಯನಿಕವನ್ನು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಸಿನಾಪ್ಟೋಫೈಸಿನ್ ಆ ಚೀಲಗಳ ಪೊರೆಯಲ್ಲಿರುವ ಪ್ರೋಟೀನ್. ಸ್ನ್ಯಾಪ್-25 ಮತ್ತು ಅದರ ಜೊತೆಗಾರ ಪ್ರೋಟೀನ್‌ಗಳು ಚೀಲವನ್ನು ಕೋಶದ ಅಂಚಿಗೆ ಎಳೆದು ಒಡೆಯುವಂತೆ ಮಾಡುತ್ತವೆ. ಆಚೆಯ ಕೋಶದ ಮೇಲೆ ಆ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳಿವೆ. ಅವುಗಳಲ್ಲಿ ಆಂಪಾ ಮತ್ತು ಎನ್‌ಎಂಡಿಎ ಎಂಬ ಎರಡು ಬಗೆ ಮುಖ್ಯ. ಗ್ರಾಹಕಗಳ ಅಡಿಯಲ್ಲಿ ಪಿಎಸ್‌ಡಿ-95 ಎಂಬ ಪ್ರೋಟೀನ್ ಚಪ್ಪರದ ಕಂಬದಂತೆ ನಿಂತು ಎಲ್ಲವನ್ನೂ ಅವುಗಳ ಜಾಗದಲ್ಲಿ ಹಿಡಿದಿಡುತ್ತದೆ.

ಮಗು ತಾಯಿಯ ದನಿಯನ್ನು ಗುರುತಿಸುವುದು, ಹಾಲು ಚೀಪುವಾಗ ನುಂಗುವುದು, ಉಸಿರಾಡುವುದು, ಇವನ್ನೆಲ್ಲ ಹೊಂದಿಸಿಕೊಳ್ಳುವುದು ಸಿನಾಪ್ಸ್‌ಗಳ ಮೂಲಕವೇ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಇವು ಭರದಿಂದ ಹುಟ್ಟಿಕೊಳ್ಳುತ್ತವೆ, ಆಮೇಲೆ ಬಳಕೆಯಿಲ್ಲದವು ಉದುರಿಹೋಗುತ್ತವೆ. ಮಾನವ ಮಿದುಳಿನಲ್ಲಿ ಈ ಏರಿಳಿತವನ್ನು ಪೀಟರ್ ಹಟನ್‌ಲಾಕರ್ 1970ರ ದಶಕದಿಂದ ಎಣಿಸಿ ತೋರಿಸಿದರು. ಈ ಭರದ ಕಾಲದಲ್ಲೇ ಆಮ್ಲಜನಕ ಕೈಕೊಟ್ಟರೆ ಏನಾಗುತ್ತದೆ ಎಂಬುದು ಪ್ರಶ್ನೆ. 'ಕೋಶ ಸತ್ತಿದೆಯೇ, ಬದುಕಿದೆಯೇ' ಎಂಬ ಒಂದೇ ಲೆಕ್ಕ ಹಿಡಿದರೆ ಅದಕ್ಕೆ ಅರ್ಧ ಉತ್ತರವಷ್ಟೇ ಸಿಗುತ್ತದೆ.

ಆಮ್ಲಜನಕ ಕಡಿಮೆಯಾದ ಆ ನಿಮಿಷಗಳಲ್ಲಿ ಸಿನಾಪ್ಸ್‌ನಲ್ಲಿ ನಡೆಯುವುದಾದರೂ ಏನು?

ಮೊದಲು ಶಕ್ತಿ ಬರಿದಾಗುತ್ತದೆ. ಕೋಶದ ಶಕ್ತಿಯ ಕಣವಾದ ಎಟಿಪಿ ಇಳಿದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಅನ್ನು ಒಳಹೊರಗೆ ಸಾಗಿಸುವ ಪಂಪುಗಳು ನಿಧಾನವಾಗುತ್ತವೆ. ಕೋಶ ತನ್ನ ವಿದ್ಯುತ್ ಸಮತೋಲ ಕಳೆದುಕೊಂಡು ಕೂಡಿಟ್ಟ ಗ್ಲುಟಮೇಟ್ ಅನ್ನೆಲ್ಲ ಸುರಿದುಬಿಡುತ್ತದೆ. ಸುರಿದದ್ದನ್ನು ಮತ್ತೆ ಎತ್ತಿಕೊಳ್ಳಲೂ ಶಕ್ತಿ ಬೇಕು, ಅದೂ ಇಲ್ಲ. ಸಂದಿನಲ್ಲಿ ಗ್ಲುಟಮೇಟ್ ತುಂಬಿ ಆಚೆಯ ಕೋಶದ ಗ್ರಾಹಕಗಳು ತೆರೆದೇ ಉಳಿಯುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ.

ಕ್ಯಾಲ್ಸಿಯಂ ಹೆಚ್ಚಾದರೆ ಕ್ಯಾಲ್ಪೇನ್ ಎಂಬ ಕಿಣ್ವ ಚುರುಕಾಗುತ್ತದೆ. ಅದರ ಕೆಲಸ ಪ್ರೋಟೀನ್‌ಗಳನ್ನು ಕತ್ತರಿಸುವುದು. ಕೋಶಕ್ಕೆ ಆಕಾರ ಕೊಡುವ ಸ್ಪೆಕ್ಟ್ರಿನ್, ಗ್ರಾಹಕಗಳನ್ನು ಹಿಡಿದಿಟ್ಟ ಪಿಎಸ್‌ಡಿ-95, ಎನ್‌ಎಂಡಿಎ ಗ್ರಾಹಕದ ಬಾಲದ ತುದಿ, ಇವೆಲ್ಲ ಅದರ ಕತ್ತರಿಗೆ ಸಿಗುತ್ತವೆ. ಗ್ಲುಟಮೇಟ್‌ನ ಅತಿ ಪ್ರಚೋದನೆಯೇ ಕೋಶವನ್ನು ಕೊಲ್ಲಬಲ್ಲದು ಎಂಬ ವಿಚಾರಕ್ಕೆ ಜಾನ್ ಓಲ್ನಿ 1969ರಲ್ಲೇ ಹೆಸರು ಕೊಟ್ಟಿದ್ದರು. ಕೊಲ್ಲುವಷ್ಟು ತೀವ್ರವಲ್ಲದ ಪ್ರಚೋದನೆಯೂ ಸಿನಾಪ್ಸ್‌ನ ಜೋಡಣೆಯನ್ನು ಬದಲಿಸಿಬಿಡುತ್ತದೆ ಎಂಬುದು ಆಮೇಲಿನ ವರ್ಷಗಳಲ್ಲಿ ತಿಳಿದುಬಂತು.

ಎಳೆಯ ಮಿದುಳು ಹೆಚ್ಚು ಗಟ್ಟಿಯೋ, ಹೆಚ್ಚು ಸೂಕ್ಷ್ಮವೋ?

ಎರಡೂ ಹೌದು. ನವಜಾತ ಶಿಶುವಿನ ಮಿದುಳಿಗೆ ದೊಡ್ಡವರ ಮಿದುಳಿನಷ್ಟು ಶಕ್ತಿ ಬೇಕಾಗದ ಕಾರಣ ಅದು ಆಮ್ಲಜನಕದ ಕೊರತೆಯನ್ನು ತುಸು ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ಆದರೆ ಅದರ ಗ್ರಾಹಕಗಳ ರಚನೆಯೇ ಬೇರೆ. ಎಳೆ ಮಿದುಳಿನ ಎನ್‌ಎಂಡಿಎ ಗ್ರಾಹಕಗಳಲ್ಲಿ ಗ್ಲುಎನ್2ಬಿ ಎಂಬ ಭಾಗ ಹೆಚ್ಚು. ಅದಿರುವ ಬಾಗಿಲು ಒಮ್ಮೆ ತೆರೆದರೆ ಬೇಗ ಮುಚ್ಚುವುದಿಲ್ಲ. ಬೆಳೆಯುತ್ತ ಹೋದಂತೆ ಬೇಗ ಮುಚ್ಚುವ ಗ್ಲುಎನ್2ಎ ಬರುತ್ತದೆ. ಆಂಪಾ ಗ್ರಾಹಕಗಳಲ್ಲಿ ಕ್ಯಾಲ್ಸಿಯಂ ಅನ್ನು ತಡೆಯುವ ಗ್ಲುಎ2 ಎಂಬ ಭಾಗವೂ ಎಳೆಯ ವಯಸ್ಸಿನಲ್ಲಿ ಕಡಿಮೆ.

ಇದು ಪ್ರಕೃತಿಯ ತಪ್ಪಲ್ಲ. ಕಲಿಯಲು, ಹೊಸ ಸಿನಾಪ್ಸ್ ಕಟ್ಟಲು ಕ್ಯಾಲ್ಸಿಯಂ ಒಳಬರಲೇಬೇಕು. ಮಗುವನ್ನು ಅಷ್ಟು ಚೆನ್ನಾಗಿ ಕಲಿಯುವಂತೆ ಮಾಡುವ ಏರ್ಪಾಡೇ ಉಸಿರು ಕಟ್ಟಿದ ಹೊತ್ತಿನಲ್ಲಿ ಅದನ್ನು ಅಪಾಯಕ್ಕೆ ಒಡ್ಡುತ್ತದೆ.

ಕೋಶ ಸಾಯದೆ ಪ್ರೋಟೀನ್ ಮಾತ್ರ ಬದಲಾಗುತ್ತದೆ ಎನ್ನಲು ಆಧಾರವೇನು?

ಅಮೆರಿಕದ ಬಾಸ್ಟನ್‌ನಲ್ಲಿ ಫ್ರಾನ್ಸಿಸ್ ಜೆನ್ಸನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಿಂದ ಮಾಡಿದ ಪ್ರಯೋಗಗಳು ಇಲ್ಲಿ ಮುಖ್ಯ. ಹತ್ತು ದಿನದ ಆಸುಪಾಸಿನ ಇಲಿಮರಿಗಳನ್ನು ಅವರು ಕೆಲವೇ ನಿಮಿಷ ಕಡಿಮೆ ಆಮ್ಲಜನಕದಲ್ಲಿಟ್ಟರು. ಮರಿಗಳಿಗೆ ಆಗಲೇ ಸೆಳೆತ (ಫಿಟ್ಸ್) ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಸತ್ತ ಗುರುತು ಕಾಣಲಿಲ್ಲ. ಆದರೆ ಆ ಮರಿಗಳು ದೊಡ್ಡವಾದ ಮೇಲೆ ಅವುಗಳ ಮಿದುಳು ಸುಲಭವಾಗಿ ಸೆಳೆತಕ್ಕೆ ಒಳಗಾಗುತ್ತಿತ್ತು. ಬೆಳೆದ ಇಲಿಗಳನ್ನು ಅದೇ ಕೊರತೆಗೆ ಒಡ್ಡಿದಾಗ ಇಂಥ ಪರಿಣಾಮ ಕಾಣಲಿಲ್ಲ.

ಮುಂದಿನ ಅಧ್ಯಯನಗಳಲ್ಲಿ ಆ ತಂಡ ಸಿನಾಪ್ಸ್‌ನ ಪ್ರೋಟೀನ್‌ಗಳನ್ನೇ ಪರೀಕ್ಷಿಸಿತು. ಕೊರತೆಯಾದ ಸ್ವಲ್ಪ ಹೊತ್ತಿನಲ್ಲೇ ಆಂಪಾ ಗ್ರಾಹಕದ ಗ್ಲುಎ1 ಭಾಗಕ್ಕೆ ಫಾಸ್ಫೇಟ್ ಅಂಟಿಕೊಂಡು ಸಿನಾಪ್ಸ್ ಬಲವಾಗುತ್ತದೆ. ಮುಂದಿನ ಒಂದೆರಡು ದಿನಗಳಲ್ಲಿ ಕ್ಯಾಲ್ಸಿಯಂ ತಡೆಯುವ ಗ್ಲುಎ2 ಇಳಿಯುತ್ತದೆ. ಮಿದುಳು ಹೊರನೋಟಕ್ಕೆ ಇದ್ದಂತೆಯೇ ಇದೆ, ಒಳಗೆ ಅದರ ಸಂದೇಶದ ಹದ ಬದಲಾಗಿದೆ. ಆಂಪಾ ಗ್ರಾಹಕವನ್ನು ತಡೆಯುವ ಔಷಧವನ್ನು ಸಮಯಕ್ಕೆ ಕೊಟ್ಟಾಗ ಮರಿಗಳಲ್ಲಿ ಮುಂದಿನ ತೊಂದರೆ ತಗ್ಗಿತು. ನನಗೆ ಈ ಪ್ರಯೋಗಗಳಲ್ಲಿ ಬಹಳ ಮುಖ್ಯವೆನಿಸುವುದು ಇದೇ: ಬದಲಾವಣೆ ಗುರುತಿಸಬಹುದಾದದ್ದು, ತಡೆಯಬಹುದಾದದ್ದೂ ಹೌದು.

ಇದಕ್ಕಿಂತ ತೀವ್ರವಾದ ಪೆಟ್ಟನ್ನು ಅಭ್ಯಸಿಸಲು 1981ರಲ್ಲಿ ರೈಸ್ ಮತ್ತು ವನೂಚಿ ರೂಪಿಸಿದ ಮಾದರಿಯಿದೆ. ಏಳು ದಿನದ ಇಲಿಮರಿಯ ಕೊರಳಿನ ಒಂದು ರಕ್ತನಾಳ ಕಟ್ಟಿ ಶೇ. 8ರ ಆಮ್ಲಜನಕದಲ್ಲಿ ಇಡುತ್ತಾರೆ. ಅಲ್ಲಿ ಕೋಶಗಳೇ ಸಾಯುತ್ತವೆ, ಪೆಟ್ಟಾದ ಜಾಗದಲ್ಲಿ ಸಿನಾಪ್ಟೋಫೈಸಿನ್‌ನಂಥ ಪ್ರೋಟೀನ್‌ಗಳೂ ಇಳಿಯುತ್ತವೆ. ಎರಡೂ ಮಾದರಿಗಳನ್ನು ಒಂದೇ ಎಂದು ತಿಳಿದು ಗಾಬರಿಯಾಗಬೇಡಿ.

ಇಲಿಯಲ್ಲಿ ಕಂಡದ್ದು ನಮ್ಮ ಮಗುವಿಗೂ ಆಗುತ್ತದೆಯೇ?

ಹಾಗೆ ನೇರವಾಗಿ ಹೇಳಲು ಬರುವುದಿಲ್ಲ. ಇಲಿಮರಿಯ ಹತ್ತನೆಯ ದಿನ ಮಿದುಳಿನ ಬೆಳವಣಿಗೆಯ ಲೆಕ್ಕದಲ್ಲಿ ತಿಂಗಳು ತುಂಬಿ ಹುಟ್ಟಿದ ಮಾನವ ಶಿಶುವಿಗೆ ಸುಮಾರಾಗಿ ಸಮ, ಅಷ್ಟೇ. ಪ್ರಯೋಗಾಲಯದಲ್ಲಿ ಆಮ್ಲಜನಕ ಎಷ್ಟು, ಎಷ್ಟು ನಿಮಿಷ ಎಂಬುದು ಗೊತ್ತಿರುತ್ತದೆ. ಹೆರಿಗೆಯಲ್ಲಿ ಬಳ್ಳಿ ಅದುಮಿತು, ಬಿಟ್ಟಿತು, ಮತ್ತೆ ಅದುಮಿತು. ಲೆಕ್ಕ ಯಾರಿಗೂ ಸಿಗುವುದಿಲ್ಲ.

ಮಾನವ ಶಿಶುಗಳ ಬಗ್ಗೆ ನೆಮ್ಮದಿ ಕೊಡುವ ಒಂದು ಮಾಹಿತಿಯಿದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳ ಆಮ್ಲಜನಕದ ದಾಖಲೆಯನ್ನು ವಾರಗಟ್ಟಲೆ ಇಟ್ಟ ಕೆನಡಾ ನೇತೃತ್ವದ ಅಧ್ಯಯನದ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಒಂದು ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತಿನ ಇಳಿತಗಳು ಪದೇ ಪದೇ ಆದ ಮಕ್ಕಳಲ್ಲಿ ಹದಿನೆಂಟು ತಿಂಗಳ ವಯಸ್ಸಿಗೆ ತೊಂದರೆಗಳು ಹೆಚ್ಚು ಕಂಡವು. ಅದಕ್ಕಿಂತ ಚಿಕ್ಕ ಇಳಿತಗಳಿಗೆ ಅಂಥ ನಂಟು ಕಾಣಲಿಲ್ಲ. ಎನ್‌ಐಸಿಯುವಿನಲ್ಲಿ ಮಾನಿಟರ್ ಬೀಪ್ ಎಂದಾಗಲೆಲ್ಲ ಜೀವ ಬಾಯಿಗೆ ಬಂದಂತಾಗುವ ತಾಯಂದಿರಿಗೆ ನಾನು ಇದನ್ನೇ ಹೇಳುತ್ತೇನೆ.

ಎಂಆರ್‌ಐ ನಾರ್ಮಲ್ ಬಂದಿದೆ. ಇನ್ನು ತಪಾಸಣೆ ಬೇಡವಲ್ಲವೇ?

ಬೇಕು. ಇಲ್ಲಿ ನಾನು ಸ್ವಲ್ಪ ದನಿ ಏರಿಸಿಯೇ ಹೇಳುತ್ತೇನೆ.

ಎಂಆರ್‌ಐ ನಾರ್ಮಲ್ ಬರುವುದು ನಿಜವಾಗಿ ಒಳ್ಳೆಯ ಸುದ್ದಿ. ದೊಡ್ಡ ಹಾನಿಯ ಸಾಧ್ಯತೆ ಬಹಳ ಕಡಿಮೆ ಎಂದು ಅದು ಹೇಳುತ್ತದೆ. ಆದರೆ ಯಂತ್ರ ನೋಡುವ ಅತಿ ಚಿಕ್ಕ ಚುಕ್ಕೆಯೂ ಸುಮಾರು ಒಂದು ಮಿಲಿಮೀಟರ್. ಅಷ್ಟು ಜಾಗದಲ್ಲಿ ಕೋಟಿಗಟ್ಟಲೆ ಸಿನಾಪ್ಸ್‌ಗಳಿರುತ್ತವೆ. ಅವುಗಳೊಳಗಿನ ಗ್ರಾಹಕಗಳ ಏರುಪೇರು ಅದರಲ್ಲಿ ಮೂಡುವುದೇ ಇಲ್ಲ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ, ಹುಟ್ಟಿದಾಗ ಎಚ್‌ಐಇಗೆ ತಂಪು ಚಿಕಿತ್ಸೆ (ಮೈಯ ಬಿಸಿ ಇಳಿಸಿ ಇಡುವುದು, ಮುಂದೆ ವಿವರಿಸಿದ್ದೇನೆ) ಪಡೆದು ಕೈಕಾಲಿನ ದೋಷವಿಲ್ಲದೆ ಬೆಳೆದ 6ರಿಂದ 8 ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಕಲಿಕೆಯ ಅಂಕಗಳಲ್ಲಿ ಅವರು ಓರಗೆಯವರಿಗಿಂತ ತುಸು ಹಿಂದಿದ್ದರು. ನಡೆದಾಡುವ, ಮಾತಾಡುವ ಮಗುವಿನಲ್ಲೂ ಗಮನ ಮತ್ತು ನೆನಪಿನ ತೊಡಕು ಶಾಲೆಗೆ ಸೇರಿದ ಮೇಲೆ ತಲೆದೋರಬಹುದು. ಸೌಮ್ಯ ಹಂತದ ಎಚ್‌ಐಇ ಎಂದು ಬರೆಸಿಕೊಂಡ ಕೆಲವು ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ಆದ್ದರಿಂದ 3, 6, 9, 12 ತಿಂಗಳು, ಆಮೇಲೆ ಒಂದೂವರೆ ಮತ್ತು ಎರಡು ವರ್ಷ, ಈ ತಾರೀಖುಗಳನ್ನು ಬಿಡಬೇಡಿ. ಮೂರು ತಿಂಗಳೊಳಗೆ ಶ್ರವಣ ಪರೀಕ್ಷೆ ಆಗಿರಲಿ. ತಪಾಸಣೆಯಲ್ಲಿ ನಾವು ಮಾಡುವುದು ನೋಡಲು ಆಟದಂತೆಯೇ ಇರುತ್ತದೆ. ಕೆಂಪು ಉಣ್ಣೆಯ ಚೆಂಡನ್ನು ಕಣ್ಣ ಮುಂದೆ ನಿಧಾನವಾಗಿ ಸರಿಸುತ್ತೇವೆ, ಮಗು ದೃಷ್ಟಿ ಹರಿಸುತ್ತದೆಯೇ ಎಂದು. ಎರಡು ಕೈ ಹಿಡಿದು ಮೆಲ್ಲನೆ ಎಬ್ಬಿಸುತ್ತೇವೆ, ಕತ್ತು ಹಿಂದೆ ಜೋತುಬೀಳುತ್ತದೆಯೇ ಎಂದು. ನಾಲ್ಕು ತಿಂಗಳಾದರೂ ಹೆಬ್ಬೆರಳನ್ನು ಮುಷ್ಟಿಯೊಳಗೇ ಮಡಚಿಟ್ಟುಕೊಂಡಿದ್ದರೆ ಗುರುತು ಹಾಕಿಕೊಳ್ಳುತ್ತೇವೆ. 'ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ಮತ್ತೇಕೆ ಲೋಕಲ್ ರೈಲಿನಲ್ಲಿ ನೂಕುನುಗ್ಗಲು?' ಎಂದು ಮನೆಯವರು ತಡೆಯುತ್ತಾರೆ. ತಡೆದ ಮನೆಯ ಮಗುವನ್ನು ಎರಡು ವರ್ಷದ ನಂತರ ನೋಡುವಾಗ ನನಗಾಗುವ ಸಂಕಟ ಅಷ್ಟಿಷ್ಟಲ್ಲ.

ರಕ್ತಪರೀಕ್ಷೆಯಲ್ಲಿ ಈ ಪ್ರೋಟೀನ್‌ಗಳನ್ನು ಅಳೆಯಬಹುದೇ?

ಜೀವಂತ ಮಗುವಿನ ಸಿನಾಪ್ಸ್ ಪ್ರೋಟೀನ್‌ಗಳನ್ನು ಅಳೆದು ಭವಿಷ್ಯ ಹೇಳುವ, ಆಸ್ಪತ್ರೆಯಲ್ಲಿ ರೂಢಿಗೆ ಬಂದ ಪರೀಕ್ಷೆ ಇಲ್ಲ. ಅಂಥದ್ದನ್ನು ಮಾಡಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವೈದ್ಯರಿಗೆ ನೆರವಾಗುವುದು ಮಗುವಿನ ನರಪರೀಕ್ಷೆ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ, ಮೊದಲ ವಾರದ ಎಂಆರ್‌ಐ ಮತ್ತು ಮುಂದಿನ ತಿಂಗಳುಗಳ ತಪಾಸಣೆ.

ಹಾಳಾದ ಪ್ರೋಟೀನ್ ಮತ್ತೆ ಸರಿಯಾಗುತ್ತದೆಯೇ?

ಪ್ರೋಟೀನ್ ಶಾಶ್ವತವಾದ ವಸ್ತುವಲ್ಲ. ಸಿನಾಪ್ಸ್‌ನ ಹೆಚ್ಚಿನ ಪ್ರೋಟೀನ್‌ಗಳು ಕೆಲವು ದಿನ ಅಥವಾ ಕೆಲವು ವಾರ ಬಾಳುತ್ತವೆ, ಕೋಶ ಅವನ್ನು ಸದಾ ಹೊಸದಾಗಿ ತಯಾರಿಸುತ್ತಿರುತ್ತದೆ. ಕತ್ತರಿಸಿ ಹೋದ ಪಿಎಸ್‌ಡಿ-95ರ ಜಾಗಕ್ಕೆ ಬೇರೆಯದು ಬರುತ್ತದೆ. ಹಳೆಯ ಹದದಲ್ಲೇ ಮತ್ತೆ ಜೋಡಣೆಯಾಗುತ್ತದೆಯೋ, ಬದಲಾದ ಹದವೇ ನೆಲೆ ನಿಲ್ಲುತ್ತದೆಯೋ ಎಂಬುದರ ಮೇಲೆ ಮುಂದಿನದು ನಿಂತಿದೆ. ಉರಿಯೂತ ಉಳಿದುಕೊಂಡರೆ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಉಳಿಯಬೇಕಾದ ಸಿನಾಪ್ಸ್‌ಗಳನ್ನೂ ನುಂಗಿಹಾಕಬಹುದು. ಇನ್ನೊಂದು ಕಡೆ, ಪೆಟ್ಟಾದ ಇಲಿಮರಿಗಳನ್ನು ಆಟದ ವಸ್ತು ಮತ್ತು ಸಂಗಾತಿಗಳಿರುವ ವಿಶಾಲ ಗೂಡಿನಲ್ಲಿ ಬೆಳೆಸಿದಾಗ ಅವುಗಳ ನೆನಪಿನ ಶಕ್ತಿ ಸುಧಾರಿಸಿದ್ದನ್ನು ಪ್ರಯೋಗಗಳು ತೋರಿಸಿವೆ.

ಬಳಸಿದ ಸಿನಾಪ್ಸ್ ಉಳಿಯುತ್ತದೆ. ಮಗುವನ್ನು ಎದೆಗಪ್ಪಿ ಕಾಂಗರೂ ಆರೈಕೆ ಮಾಡುವುದು, ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸುವುದು, ಮುಖಕ್ಕೆ ಮುಖ ಕೊಟ್ಟು ಮಾತಾಡುವುದು, ಥೆರಪಿಸ್ಟ್ ಕಲಿಸಿದ ವ್ಯಾಯಾಮವನ್ನು ದಿನವೂ ಮಾಡಿಸುವುದು, ಇವೆಲ್ಲ ಚಿಕಿತ್ಸೆಯೇ.

ಆರು ಗಂಟೆಯೊಳಗೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎನ್ನುತ್ತಾರೆ. ಏಕೆ?

ಮಗು ಉಸಿರಾಡಲು ಶುರುಮಾಡಿದ ಮೇಲೆ ಶಕ್ತಿ ಮರಳುತ್ತದೆ, ಕೆಲವು ಗಂಟೆ ಎಲ್ಲವೂ ಸರಿಹೋದಂತೆ ತೋರುತ್ತದೆ. ಆಮೇಲೆ, ಆರು ಗಂಟೆಯ ನಂತರ ಎರಡು ಮೂರು ದಿನಗಳವರೆಗೆ, ಎರಡನೆಯ ಬಾರಿ ಶಕ್ತಿ ಕುಸಿಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆಸ್ಮಂಡ್ ರೆನಾಲ್ಡ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಕಂಡುಕೊಂಡರು. ಚಿಕಿತ್ಸೆಗೆ ಸಿಗುವ ಕಿಂಡಿ ಈ ನಡುವಿನ ಗಂಟೆಗಳೇ. ಮಗುವಿನ ಮೈಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಇಟ್ಟರೆ ಗ್ಲುಟಮೇಟ್ ಸುರಿಯುವುದು ತಗ್ಗುತ್ತದೆ, ಮಿದುಳಿನ ಶಕ್ತಿಯ ಬೇಡಿಕೆ ಇಳಿಯುತ್ತದೆ. ಆ ಮೂರು ದಿನ ಮಗುವನ್ನು ಮುಟ್ಟಿದರೆ ತಣ್ಣಗಿರುತ್ತದೆ. ಅಜ್ಜಿಯರು ಕುಲಾವಿ, ದುಪ್ಪಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ದಯವಿಟ್ಟು ನರ್ಸನ್ನು ಕೇಳದೆ ಹೊದಿಸಬೇಡಿ.

ಶ್ರೀಮಂತ ದೇಶಗಳಲ್ಲಿ ಈ ಚಿಕಿತ್ಸೆ ಗೆದ್ದಿದೆ: 2013ರಲ್ಲಿ 11 ಅಧ್ಯಯನಗಳ 1,505 ಮಕ್ಕಳ ಲೆಕ್ಕ ಒಟ್ಟುಗೂಡಿಸಿದಾಗ, ಏಳು ಮಕ್ಕಳಿಗೆ ಚಿಕಿತ್ಸೆ ಕೊಟ್ಟರೆ ಒಬ್ಬರನ್ನು ಸಾವು ಅಥವಾ ತೀವ್ರ ಅಂಗವೈಕಲ್ಯದಿಂದ ಉಳಿಸಬಹುದು ಎಂದು ತಿಳಿಯಿತು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ ನಡೆದ 'ಹೀಲಿಕ್ಸ್' ಅಧ್ಯಯನದ ಫಲಿತಾಂಶ 2021ರಲ್ಲಿ ಬಂದಾಗ ನಾವೆಲ್ಲ ಬೆಚ್ಚಿದೆವು. 408 ಮಕ್ಕಳಲ್ಲಿ ತಂಪು ಚಿಕಿತ್ಸೆಯಿಂದ ಪ್ರಯೋಜನ ಕಾಣಲಿಲ್ಲ, ಸಾವು ಹೆಚ್ಚೇ ಇತ್ತು: ಚಿಕಿತ್ಸೆ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31. ಮುಂಬಯಿಯ ಸಯನ್ ಆಸ್ಪತ್ರೆಯೂ ಬೆಂಗಳೂರಿನ ಆಸ್ಪತ್ರೆಗಳೂ ಇದರಲ್ಲಿ ಪಾಲ್ಗೊಂಡಿದ್ದವು. ನಮ್ಮ ಕಡೆಯ ಅನೇಕ ಮಕ್ಕಳಲ್ಲಿ ಕೊರತೆ ಒಮ್ಮೆಲೇ ಆದದ್ದಲ್ಲ, ಹೆರಿಗೆಯ ದೀರ್ಘ ಗಂಟೆಗಳಲ್ಲಿ ಬಿಟ್ಟು ಬಿಟ್ಟು ಆದದ್ದು, ಹುಟ್ಟುವ ಹೊತ್ತಿಗೆ ಆ ಕಿಂಡಿ ಮುಚ್ಚಿಹೋಗಿರಬಹುದು ಎಂಬುದು ತಜ್ಞರು ಮುಂದಿಡುವ ಒಂದು ಕಾರಣ. ಆದ್ದರಿಂದ ನಿಮ್ಮ ವೈದ್ಯರು ತಂಪು ಚಿಕಿತ್ಸೆ ಕೊಡದೆ ಇದ್ದರೆ ಅದನ್ನು ನಿರ್ಲಕ್ಷ್ಯ ಎಂದು ತಿಳಿಯಬೇಡಿ. ಉಸಿರು, ಸಕ್ಕರೆ, ರಕ್ತದೊತ್ತಡ, ಸೆಳೆತ ಇವುಗಳನ್ನು ಸರಿಯಾಗಿ ನೋಡಿಕೊಳ್ಳುವುದೇ ಚಿಕಿತ್ಸೆಯ ಬೆನ್ನೆಲುಬು. ಬೇಗ ತಲುಪಬೇಕು ಎನ್ನುವುದು ಅದಕ್ಕೂ ಹೌದು. ವಾಸ್ಕೋದ ಬೈನಾದಲ್ಲೋ ಜುವಾರಿನಗರದಲ್ಲೋ ಮನೆಯಲ್ಲೇ ಹೆರಿಗೆಯಾಗಿ ಮಗು ಅಳದಿದ್ದರೆ ನೆರೆಹೊರೆಯವರ ಸಲಹೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಶುದ್ಧ ಆಮ್ಲಜನಕ ಕೊಟ್ಟಿದ್ದರೆ ಒಳ್ಳೆಯದಿತ್ತಲ್ಲವೇ?

ಇಲ್ಲ. ತಿಂಗಳು ತುಂಬಿದ ಮಗುವಿಗೆ ಮೊದಲು ಸಾಮಾನ್ಯ ಗಾಳಿಯನ್ನೇ ಕೊಡಬೇಕು. ಅತಿಯಾದ ಆಮ್ಲಜನಕವೂ ಕೋಶಗಳಿಗೆ ಕೆಡುಕು. ಸಾಮಾನ್ಯ ಗಾಳಿ ಸಾಕು ಎಂದು ತೋರಿಸಿದ ಮೊದಲ ಅಧ್ಯಯನಗಳಲ್ಲೊಂದನ್ನು ದಿಲ್ಲಿಯಲ್ಲಿ ಸಿದ್ಧಾರ್ಥ ರಾಮ್‌ಜಿ, ನಾರ್ವೆಯ ಓಲಾ ಸೌಗ್‌ಸ್ಟಾಡ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಇಂದು ಜಗತ್ತೇ ಅದನ್ನು ಅನುಸರಿಸುತ್ತದೆ.

ಮಗು ನಡುಗುತ್ತದೆ. ಫಿಟ್ಸೋ, ಬರೀ ಬೆಚ್ಚುವುದೋ ಹೇಗೆ ತಿಳಿಯುವುದು?

ನಡುಗುವ ಕೈಯನ್ನೋ ಕಾಲನ್ನೋ ಅಂಗೈಯಲ್ಲಿ ಮೆಲ್ಲನೆ ಹಿಡಿಯಿರಿ. ಹಿಡಿದೊಡನೆ ನಿಂತರೆ ಬಹುಮಟ್ಟಿಗೆ ಬರೀ ನಡುಕ. ನಿಮ್ಮ ಅಂಗೈಯೊಳಗೂ ಲಯಬದ್ಧವಾಗಿ ಜಗ್ಗುತ್ತಿದ್ದರೆ ಸೆಳೆತವಿರಬಹುದು. ನವಜಾತ ಶಿಶುವಿನ ಸೆಳೆತ ದೊಡ್ಡವರದರಂತೆ ಇರುವುದಿಲ್ಲ: ಸುಮ್ಮನೆ ತುಟಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಕಣ್ಣು ಒಂದೇ ಕಡೆ ನೆಟ್ಟುಬಿಡುವುದು, ಉಸಿರು ನಿಲ್ಲುವುದು. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ. ಬಾಲಗ್ರಹ ಎಂದು ಯಂತ್ರ ಕಟ್ಟಿಸುವುದರಲ್ಲಿ ಹೊತ್ತು ಕಳೆಯಬೇಡಿ. ಬರೆ ಹಾಕಿಸುವುದಂತೂ ಬೇಡವೇ ಬೇಡ.

ಔಷಧವಾಗಿ ಮೊದಲು ಕೊಡುವುದು ಫಿನೋಬಾರ್ಬಿಟಾಲ್. ದೊಡ್ಡವರಲ್ಲಿ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಬಲವನ್ನು ಅದು ಹೆಚ್ಚಿಸುತ್ತದೆ. ಆದರೆ ಎಳೆಯ ನರಕೋಶದಲ್ಲಿ ಕ್ಲೋರೈಡ್ ಅನ್ನು ಹೊರಹಾಕುವ ಕೆಸಿಸಿ2 ಎಂಬ ಪ್ರೋಟೀನ್ ಇನ್ನೂ ಕಡಿಮೆ ಇರುವುದರಿಂದ ಗಾಬಾ ಕೆಲವೊಮ್ಮೆ ಶಾಂತಗೊಳಿಸುವ ಬದಲು ಕೆರಳಿಸುತ್ತದೆ. ಮೊದಲ ಡೋಸ್‌ಗೆ ಎಲ್ಲ ಮಕ್ಕಳ ಸೆಳೆತ ನಿಲ್ಲದಿರಲು ಇದೂ ಒಂದು ಕಾರಣ. ಆದರೂ 2020ರಲ್ಲಿ ಲೆವೆಟಿರಾಸಿಟಮ್ ಎಂಬ ಇನ್ನೊಂದು ಸೆಳೆತದ ಔಷಧದ ಜೊತೆ ಹೋಲಿಸಿ ನೋಡಿದಾಗ ಫಿನೋಬಾರ್ಬಿಟಾಲ್ ಬಹಳ ಮುಂದಿತ್ತು.

ಇದಕ್ಕೆ ನಾನೇ ಕಾರಣವೇ? ಗ್ರಹಣದ ದಿನ ಹೊರಗೆ ಹೋಗಿದ್ದೆ ಎಂದು ಅತ್ತೆಯವರು ಇಂದಿಗೂ ಹೇಳುತ್ತಾರೆ.

ಅಲ್ಲ ತಾಯಿ, ನೀವು ಕಾರಣರಲ್ಲ. ಗ್ರಹಣಕ್ಕೂ ಮಗುವಿನ ಉಸಿರಿಗೂ ಸಂಬಂಧವೇ ಇಲ್ಲ. ಬಳ್ಳಿ ಅದುಮುವುದು, ಮಾಸು ಮುಂಚೆಯೇ ಕಳಚುವುದು, ಹೆರಿಗೆ ತಡೆದು ನಿಲ್ಲುವುದು, ಸೋಂಕು ಇವು ಕಾರಣಗಳು. ಇವು ಯಾರ ನಡತೆಗೂ ಬರುವ ಶಿಕ್ಷೆಯಲ್ಲ. ಈ ಮಾತನ್ನು ಅತ್ತೆಯವರ ಎದುರಿಗೇ ಹೇಳಬೇಕಾದರೆ ಮುಂದಿನ ತಪಾಸಣೆಗೆ ಅವರನ್ನೂ ಕರೆತನ್ನಿ, ನಾವು ಹೇಳುತ್ತೇವೆ. ಬಾಣಂತಿಯ ಮನಸ್ಸು ಕುಗ್ಗಿದರೆ ಮಗುವಿನೊಡನೆ ನಗುವ, ಮಾತಾಡುವ ಹೊತ್ತು ಕಡಿಮೆಯಾಗುತ್ತದೆ. ಮಗುವಿಗೆ ಈಗ ಎಲ್ಲಕ್ಕಿಂತ ಬೇಕಾದದ್ದು ಅದೇ.

ಒಂದು ವರ್ಷದ ಮಗು ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುತ್ತದೆ. ಪ್ರತಿ ಬಾರಿಯೂ ಸಿನಾಪ್ಸ್ ಹಾಳಾಗುತ್ತದೆಯೇ?

ಇಲ್ಲ. ಆರು ತಿಂಗಳ ನಂತರ ಅನೇಕ ಮಕ್ಕಳು ಹೀಗೆ ಉಸಿರು ಹಿಡಿಯುತ್ತಾರೆ. ನೋಡಲು ಭಯವಾಗುತ್ತದೆ, ಆದರೆ ಮಿದುಳಿಗೆ ಹಾನಿಯಾಗುವುದಿಲ್ಲ, ಬೆಳೆಯುತ್ತ ನಿಂತುಹೋಗುತ್ತದೆ. ಕಬ್ಬಿಣದ ಕೊರತೆಯಿದ್ದರೆ ಇದು ಹೆಚ್ಚುವುದರಿಂದ ರಕ್ತ ತಪಾಸಣೆ ಮಾಡಿಸಿ. ಅಳದೆಯೇ ನೀಲಿಯಾದರೆ, ಇಲ್ಲವೇ ನವಜಾತ ಮಗು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಉಸಿರು ನಿಲ್ಲಿಸಿದರೆ ಮಾತು ಬೇರೆ. ಕೂಡಲೇ ವೈದ್ಯರನ್ನು ಕಾಣಿ. ಕೋವಿಡ್ ಕಾಲದಲ್ಲಿ ಕೊಂಡ ದೊಡ್ಡವರ ಆಕ್ಸಿಮೀಟರನ್ನು ಹಸುಳೆಯ ಬೆರಳಿಗೆ ಸಿಕ್ಕಿಸಿ ಗಾಬರಿಯಾಗಬೇಡಿ. ಅದು ಆ ಬೆರಳಿನ ಅಳತೆಯದಲ್ಲ, ತಪ್ಪು ಅಂಕಿ ತೋರಿಸುತ್ತದೆ.

ಬಜೆ ತೇಯ್ದು ನೆಕ್ಕಿಸಬಹುದೇ? ಮಿದುಳಿನ ಟಾನಿಕ್ ಕೊಡಬಹುದೇ?

ಆರು ತಿಂಗಳು ತಾಯಿಯ ಹಾಲು ಮಾತ್ರ, ಜೊತೆಗೆ ವೈದ್ಯರು ಬರೆದ ಹನಿಗಳು. ಬಜೆ, ಜೇನು, ಟಾನಿಕ್ ಯಾವುದೂ ಸಿನಾಪ್ಸ್ ಪ್ರೋಟೀನ್ ಕಟ್ಟುವುದಿಲ್ಲ. ನುಂಗುವುದು ಇನ್ನೂ ಸರಿಹೋಗದ ಮಗುವಿಗೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಹಿಂದಿ. ಪೆಟ್ಟಾದ ಮಿದುಳಿಗೆ ಇಷ್ಟು ಭಾಷೆ ಭಾರವಲ್ಲವೇ?

ಮುಂಬಯಿ, ಪುಣೆಯ ಕನ್ನಡ ತಾಯಂದಿರು ನನ್ನನ್ನು ಬಹಳ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡ ಬಿಡಿ ಎಂದು ಯಾರೋ ಸಲಹೆ ಕೊಟ್ಟಿರುತ್ತಾರೆ. ಬಿಡಬೇಡಿ. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳಲ್ಲೂ ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ಮತ್ತಷ್ಟು ಹಿಂದುಳಿಯುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ನಿಮಗೆ ತಡವರಿಸದೆ ಬರುವ ಭಾಷೆಯಲ್ಲಿ ನೀವು ಹೆಚ್ಚು ಮಾತಾಡುತ್ತೀರಿ, ಹೆಚ್ಚು ಹಾಡುತ್ತೀರಿ, ಮಗುವಿನ ಮಾತಿಗೆ ಬೇಗ ಪ್ರತಿಕ್ರಿಯಿಸುತ್ತೀರಿ. ಅಜ್ಜಿ ಹಾಡುವ ಜೋಗುಳವನ್ನು ಅರ್ಧಂಬರ್ಧ ಹಿಂದಿಗೆ ಬದಲಿಸಿ ಯಾರಿಗೂ ಲಾಭವಿಲ್ಲ. ಒಂದು ವರ್ಷವಾದರೂ ಮಗು 'ಬಬ', 'ಮಮ' ಎಂದು ತೊದಲದಿದ್ದರೆ ಭಾಷೆಯನ್ನು ದೂರದೆ ಶ್ರವಣ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.

ವಿಮಾನದಲ್ಲಿ ಊರಿಗೆ ಕರೆದೊಯ್ಯಬಹುದೇ?

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು, ರಕ್ತದ ಆಮ್ಲಜನಕವೂ ತುಸು ಇಳಿಯುತ್ತದೆ. ಚೇತರಿಸಿಕೊಂಡ, ತಿಂಗಳು ತುಂಬಿದ ಮಗುವಿಗೆ ಇದರಿಂದ ತೊಂದರೆಯಿಲ್ಲ. ಅವಧಿಗೆ ಮುಂಚೆ ಹುಟ್ಟಿ ಶ್ವಾಸಕೋಶದ ತೊಂದರೆಯಿದ್ದರೆ, ಮನೆಯಲ್ಲಿ ಆಮ್ಲಜನಕ ಕೊಡುತ್ತಿದ್ದರೆ, ಟಿಕೆಟ್ ತೆಗೆಯುವ ಮುಂಚೆ ವೈದ್ಯರನ್ನು ಕೇಳಿ.

ಹೆರಿಗೆ ಇಲ್ಲಾಗಿದೆ, ಬಾಣಂತನಕ್ಕೆ ತವರಿಗೆ ಹೋಗುತ್ತಿದ್ದೇವೆ. ಯಾವ ಕಾಗದ ಒಯ್ಯಬೇಕು?

ಡಿಸ್ಚಾರ್ಜ್ ಕಾರ್ಡಿನ ಮೂಲಪ್ರತಿಯನ್ನು ನೀವೇ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಅದರ ಚಿತ್ರವೂ ಇರಲಿ. ಅದರಲ್ಲಿ ಆಪ್ಗರ್ ಅಂಕಗಳು, ಬಳ್ಳಿಯ ರಕ್ತದ ಪಿಎಚ್, ಎಚ್‌ಐಇ ಯಾವ ಹಂತ, ತಂಪು ಚಿಕಿತ್ಸೆ ಕೊಟ್ಟಿದ್ದರೆ ಹುಟ್ಟಿದ ಎಷ್ಟನೆಯ ಗಂಟೆಗೆ ಶುರುವಾಯಿತು, ಸೆಳೆತದ ಔಷಧದ ಹೆಸರು ಮತ್ತು ಪ್ರಮಾಣ, ಇಷ್ಟು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆಸ್ಪತ್ರೆ ಬಿಡುವ ಮುಂಚೆ ಬರೆಸಿಕೊಳ್ಳಿ. ಎಂಆರ್‌ಐ ವರದಿಯ ಜೊತೆ ಅದರ ಸಿಡಿಯನ್ನೂ ಕೇಳಿ ಪಡೆಯಿರಿ. ಮರಾಠಿಯಲ್ಲಿ ಬರೆದ ಸೂಚನೆಯಿದ್ದರೆ ವಾರ್ಡಿನಲ್ಲೇ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ವಿಜಯಪುರದಲ್ಲೋ ಗದಗದಲ್ಲೋ ಮಗುವನ್ನು ನೋಡುವ ವೈದ್ಯರಿಗೆ ಮರಾಠಿ ಬರದಿರಬಹುದು.

ಊರು ತಲುಪಿದ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಮಗು ಎನ್‌ಐಸಿಯುವಿನಲ್ಲಿತ್ತು ಎಂದು ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಬೆಳವಣಿಗೆಯ ತಪಾಸಣೆ ಮತ್ತು ಥೆರಪಿ ಉಚಿತ. ಮೂರನೆಯ ತಿಂಗಳ ತಪಾಸಣೆ ತವರಿನಲ್ಲಿದ್ದಾಗಲೇ ಬರುತ್ತದೆ. ಅದನ್ನು ಅಲ್ಲಿಯೇ ಮಾಡಿಸಿ, ಅಲ್ಲಿನ ಚೀಟಿಯನ್ನು ಇದೇ ಕಡತಕ್ಕೆ ಸೇರಿಸಿಕೊಂಡು ಆರನೆಯ ತಿಂಗಳಿಗೆ ಇಲ್ಲಿಗೆ ತನ್ನಿ.